ಗುಳ್ಳೆಯಿಂದ ರಿಪೋರ್ಟಿನವರೆಗೆ: ಹರ್ಪಿಸ್ ವೈರಸ್ಸಿನ ಟೈಪ್ ಹಿಡಿಯುವುದು ಹೇಗೆ

ನಮ್ಮ ಲ್ಯಾಬಿನ ರಿಪೋರ್ಟ್ ಹಾಳೆಯಲ್ಲಿ, ತುಟಿ ಮತ್ತು ಜನನಾಂಗದಲ್ಲಿ ಗುಳ್ಳೆ ಎಬ್ಬಿಸುವ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿಗೆ ಎರಡು ಸಾಲುಗಳಿವೆ. ಮೊದಲನೆಯದರಲ್ಲಿ ವೈರಸ್ ಸಿಕ್ಕಿತೋ ಇಲ್ಲವೋ ಅಂತ ಬರೆಯಬೇಕು. ಎರಡನೆಯದರಲ್ಲಿ ಅದು ಟೈಪ್ 1 ಅಥವಾ ಟೈಪ್ 2 ಅಂತ. ಬೆಂಚಿಗೆ ಹೊಸದಾಗಿ ಬಂದವರಿಗೆ ಎರಡನೇ ಸಾಲನ್ನು ಖಾಲಿ ಬಿಡಲು ಮುಜುಗರ. ಏನೋ ಒಂದು ಬರೆದು ಕೈತೊಳೆದುಕೊಳ್ಳೋಣ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸುತ್ತಿತ್ತು. ವೈರಾಲಜಿ ಬೆಂಚಿನಲ್ಲಿ 20 ವರ್ಷ ಕೂತ ಮೇಲೆ, ನಾನು ಹೊಸಬರಿಗೆ ಮೊದಲ ದಿನ ಹೇಳುವುದು ಇದನ್ನೇ: ಯಾವ ಪರೀಕ್ಷೆಗೆ ಯಾವ ಸಾಲು ತುಂಬುವ ಯೋಗ್ಯತೆ ಇದೆ ಅಂತ ಮೊದಲು ತಿಳ್ಕೊಳ್ಳಿ. ಇಲ್ಲದಿದ್ದರೆ ಖಾಲಿ ಬಿಡಿ.

ಈ ಎರಡು ವೈರಸ್ಸುಗಳು ಅಣ್ಣತಮ್ಮಂದಿರು. ಎರಡಕ್ಕೂ ಸುಮಾರು 1,50,000 ಅಕ್ಷರಗಳಷ್ಟು ಉದ್ದದ ಜೋಡಿ ಎಳೆಯ ಡಿಎನ್‌ಎ, ಅದರ ಸುತ್ತ ಪ್ರೋಟೀನ್ ಚಿಪ್ಪು, ಹೊರಗೆ ಕೊಬ್ಬಿನ ಹೊದಿಕೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೂ ಯಾರು ಯಾರು ಅಂತ ಹೇಳಲಾಗದು. 'ತುಟಿಯದ್ದು ಟೈಪ್ 1, ಜನನಾಂಗದ್ದು ಟೈಪ್ 2' ಅನ್ನುವ ಹಳೇ ಲೆಕ್ಕವನ್ನಂತೂ ಮರೆತುಬಿಡಿ. ಎರಡೂ ಎರಡೂ ಕಡೆ ಬರುತ್ತವೆ. ಮಾದರಿ ಎಲ್ಲಿಂದ ಬಂತು ಅಂತ ನೋಡಿ ಟೈಪ್ ಊಹಿಸುವುದು ಜ್ಯೋತಿಷ್ಯ, ಲ್ಯಾಬ್ ಕೆಲಸ ಅಲ್ಲ.

ಹಾಗಾದರೆ ಟೈಪ್ ಯಾಕೆ ಬೇಕು? ಔಷಧಿಗಾಗಿ ಅಲ್ಲ. ಎರಡಕ್ಕೂ ಅಸೈಕ್ಲೋವಿರ್ ಗುಂಪಿನ ಮಾತ್ರೆಗಳೇ. ಟೈಪ್ ಬೇಕಾಗುವುದು ಮುಂದೇನು ಅಂತ ಆ ಮನುಷ್ಯನಿಗೆ ಹೇಳುವುದಕ್ಕೆ. ಜನನಾಂಗದಲ್ಲಿ ಟೈಪ್ 2 ಕೂತರೆ ಮತ್ತೆ ಮತ್ತೆ ಏಳುವುದು ಜಾಸ್ತಿ. ಅದೇ ಜಾಗದಲ್ಲಿ ಟೈಪ್ 1 ಆದರೆ ಮರುಕಳಿಸುವುದು ಕಡಿಮೆ. ಆ ಒಂದು ಅಂಕಿಯ ಮೇಲೆ ಒಬ್ಬರ ನಿದ್ದೆ ನಿಂತಿರುತ್ತದೆ.

ಸ್ವಾಬ್: ಅರ್ಧ ಕೆಲಸ ಇಲ್ಲೇ ಆಗುತ್ತದೆ, ಕೆಡುವುದೂ ಇಲ್ಲೇ

ಯಾವ ಮಷಿನ್ ಬೇಕಾದರೂ ತಂದಿಟ್ಟುಕೊಳ್ಳಿ, ಟ್ಯೂಬಿನಲ್ಲಿ ವೈರಸ್ ಇಲ್ಲದಿದ್ದರೆ ಅದೇನು ಮಾಡೀತು? ನೀರು ತುಂಬಿದ ಹೊಸ ಗುಳ್ಳೆಯಲ್ಲಿ ವೈರಸ್ ಜಾಸ್ತಿ. ಒಡೆದು ಹುಣ್ಣಾದ ಮೇಲೆ ಕಡಿಮೆ. ಹಕ್ಕಳೆ ಕಟ್ಟಿದ ಮೇಲೆ ಕಲ್ಚರ್‌ಗೆ, ಅಂದರೆ ಜೀವಕೋಶಗಳಲ್ಲಿ ವೈರಸ್ ಬೆಳೆಸಿ ನೋಡುವುದಕ್ಕೆ, ಕಳಿಸುವುದು ಹೆಚ್ಚುಕಮ್ಮಿ ದಂಡ. ಹಾಗಾಗಿ ರೋಗಿಯ ಮೈಮೇಲೆ ಹಲವು ಗುಳ್ಳೆ ಇದ್ದರೆ ಎಲ್ಲಕ್ಕಿಂತ ಎಳೆಯದನ್ನು ಹುಡುಕಿ.

ತೆಗೆಯುವ ರೀತಿ ಹೀಗೆ. ಸ್ಟೆರೈಲ್ ಸೂಜಿಯ ತುದಿಯಿಂದ ಗುಳ್ಳೆಯ ಮೇಲಿನ ತೆಳು ಚರ್ಮವನ್ನು ಒಂದು ಕಡೆ ಸೀಳಿ, ಮುಚ್ಚಳ ಎತ್ತಿದ ಹಾಗೆ ಮಡಚಿ. ಸ್ವಾಬನ್ನು ಆ ನೀರಿನಲ್ಲಿ ಅದ್ದಿ, ಆಮೇಲೆ ಗುಳ್ಳೆಯ ತಳವನ್ನು ಗಟ್ಟಿಯಾಗಿ ಉಜ್ಜಿ. ಬಹಳ ಜನ ನೀರು ಹೀರಿಕೊಂಡಿತಲ್ಲ ಅಂತ ಅಲ್ಲಿಗೇ ನಿಲ್ಲಿಸುತ್ತಾರೆ. ವೈರಸ್ ಬೆಳೆಯುವುದು ಜೀವಕೋಶದ ಒಳಗೆ. ಆ ಕೋಶಗಳಿರುವುದು ತಳದಲ್ಲಿ, ಅಂಚಿನಲ್ಲಿ. ರೋಗಿ ಸ್ವಲ್ಪ 'ಹಾ' ಅನ್ನುತ್ತಾರೆ. ಅನ್ನಲೇಬೇಕು. ಹಾಗಂತ ರಕ್ತ ಸುರಿಯುವಷ್ಟು ಉಜ್ಜಬೇಡಿ. ರಕ್ತದ ಹಿಮೋಗ್ಲೋಬಿನ್ ಮುಂದೆ ಪಿಸಿಆರ್‌ಗೆ (ವೈರಸ್ಸಿನ ಡಿಎನ್‌ಎಯ ನಕಲು ಹೆಚ್ಚಿಸಿ ಹುಡುಕುವ ಪರೀಕ್ಷೆಗೆ) ಕಾಲು ಅಡ್ಡ ಕೊಡುತ್ತದೆ.

ಸ್ವಾಬಿನ ತಲೆ ಪಾಲಿಯೆಸ್ಟರ್, ರೇಯಾನ್ ಅಥವಾ ಫ್ಲಾಕ್ಡ್ ನೈಲಾನ್ ಇರಲಿ, ಕಡ್ಡಿ ಪ್ಲಾಸ್ಟಿಕ್ ಇರಲಿ. ಕ್ಯಾಲ್ಸಿಯಂ ಆಲ್ಜಿನೇಟ್ ಬೇಡವೇ ಬೇಡ. ಮರದ ಕಡ್ಡಿಯೂ ಬೇಡ. ಇದನ್ನು ನಾನು ಕಷ್ಟಪಟ್ಟೇ ಕಲಿತದ್ದು. ಒಂದು ವಾರ ಪೂರ್ತಿ ಒಂದೇ ಕ್ಲಿನಿಕ್ಕಿನಿಂದ ಬಂದ ಮಾದರಿಗಳೆಲ್ಲ ನೆಗೆಟಿವ್. ಡಾಕ್ಟರು ಫೋನ್ ಮಾಡಿ, 'ನಾನು ಕಣ್ಣಾರೆ ಕಂಡ ಗುಳ್ಳೆ ಇದು, ನಿಮ್ಮ ಲ್ಯಾಬಿಗೆ ಏನಾಗಿದೆ?' ಅಂತ ರೇಗಿದರು. ನಾವು ಕೋಶಗಳನ್ನು ಬದಲಾಯಿಸಿದೆವು, ಮೀಡಿಯಂ ಬದಲಾಯಿಸಿದೆವು. ಕೊನೆಗೆ ಕಸದ ಡಬ್ಬಿಯಲ್ಲಿದ್ದ ಸ್ವಾಬ್ ಕವರನ್ನು ಎತ್ತಿ ಓದಿದಾಗ ಗೊತ್ತಾಯಿತು. ಅಲ್ಲಿ ಯಾರೋ ಸ್ಟೋರಿನಿಂದ ಆಲ್ಜಿನೇಟ್ ಸ್ವಾಬ್ ತಂದುಕೊಟ್ಟಿದ್ದರು. ನಮ್ಮ ಬೆಂಚಿಗೆ ಬರುವ ಹೊತ್ತಿಗೆ ವೈರಸ್ ಸತ್ತೇ ಇರುತ್ತಿತ್ತು. ಅವತ್ತಿನಿಂದ ಮಾದರಿ ಬಂದ ಕೂಡಲೇ ಸ್ವಾಬಿನ ತಲೆ ನೋಡುವುದು ಅಭ್ಯಾಸ ಆಗಿಹೋಗಿದೆ.

ಸ್ವಾಬನ್ನು ವೈರಲ್ ಟ್ರಾನ್ಸ್‌ಪೋರ್ಟ್ ಮೀಡಿಯಂಗೆ ಹಾಕಿ, ಕಡ್ಡಿ ಮುರಿದು, ಮುಚ್ಚಳ ಬಿಗಿ ಮಾಡಿ. ಆ ಮೀಡಿಯಂನಲ್ಲಿ ಉಪ್ಪು, ಪ್ರೋಟೀನ್, ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಇರುತ್ತವೆ. ಜೊತೆಗೆ ಸಾಮಾನ್ಯವಾಗಿ ಫೀನಾಲ್ ರೆಡ್ ಇರುತ್ತದೆ. ಅದಕ್ಕೇ ಗುಲಾಬಿ ಬಣ್ಣ. ಟ್ಯೂಬ್ ಹಳದಿಗೆ ತಿರುಗಿದ್ದರೆ ಒಳಗೆ ಆಮ್ಲ ಆಗಿದೆ, ಬಹುಶಃ ಬ್ಯಾಕ್ಟೀರಿಯಾ ಬೆಳೆದಿದೆ ಅಂತ ಲೆಕ್ಕ. ಬ್ಯಾಕ್ಟೀರಿಯಾ ಕಲ್ಚರ್‌ಗೆ ಕೊಡುವ ಜೆಲ್ ಟ್ಯೂಬಿನಲ್ಲಿ ಕಳಿಸಿದರೆ ವಾಪಸ್ ಕಳಿಸಿ.

ಟ್ಯೂಬನ್ನು ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ ಇಡಿ. ಎರಡು ಮೂರು ದಿನದೊಳಗೆ ಪರೀಕ್ಷೆ ಮಾಡಲು ಆಗದಿದ್ದರೆ ಮೈನಸ್ 70ಕ್ಕೆ ಹಾಕಿ. ಮೈನಸ್ 20ರ ಮಾಮೂಲಿ ಫ್ರೀಜರ್ ಈ ವೈರಸ್ಸಿಗೆ ಆಗಿಬರುವುದಿಲ್ಲ. ಕಲ್ಚರ್ ಮಾಡುವುದಿದ್ದರೆ ಅಲ್ಲಿ ಇಡುವುದಕ್ಕಿಂತ ಫ್ರಿಜ್ಜೇ ವಾಸಿ.

ಮೆದುಳಿನ ಉರಿಯೂತದ ಅನುಮಾನ ಇದ್ದರೆ ಕತೆಯೇ ಬೇರೆ. ಆಗ ಬರುವುದು ಬೆನ್ನಿನಿಂದ ತೆಗೆದ ಸಿಎಸ್‌ಎಫ್, ಅಂದರೆ ಮೆದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವ. ಅದನ್ನು ಖಾಲಿ ಸ್ಟೆರೈಲ್ ಟ್ಯೂಬಿನಲ್ಲೇ ತರಿಸಿ. ಟ್ರಾನ್ಸ್‌ಪೋರ್ಟ್ ಮೀಡಿಯಂಗೆ ಸುರಿದರೆ ಇರುವ ನಾಲ್ಕು ವೈರಸ್ಸೂ ತೆಳುವಾಗಿಬಿಡುತ್ತವೆ. ಇದಕ್ಕೆ ಕಲ್ಚರ್ ಹಾಕಿ ಕಾಯುತ್ತ ಕೂರಬೇಡಿ, ಪಿಸಿಆರ್ ಒಂದೇ ದಾರಿ. ಒಂದು ಕಾಲದಲ್ಲಿ ಇದನ್ನು ಖಚಿತ ಮಾಡಿಕೊಳ್ಳಲು ಮೆದುಳಿನ ಚೂರು ತೆಗೆಯಬೇಕಿತ್ತು. ಆದರೆ ಕಾಯಿಲೆಯ ಮೊದಲ ಮೂರು ದಿನ ಪಿಸಿಆರ್ ಕೂಡ ನೆಗೆಟಿವ್ ಬರಬಹುದು. ರೋಗಿಯ ಲಕ್ಷಣ ಹರ್ಪಿಸ್ ಅಂತಲೇ ಹೇಳುತ್ತಿದ್ದರೆ, 3ರಿಂದ 7 ದಿನ ಬಿಟ್ಟು ಇನ್ನೊಂದು ಮಾದರಿ ಕೇಳಿ. ಅಲ್ಲಿಯವರೆಗೆ ಔಷಧಿ ನಿಲ್ಲಿಸಬೇಡಿ ಅಂತ ಡಾಕ್ಟರಿಗೆ ನೆನಪಿಸುವುದು ತಪ್ಪಲ್ಲ.

ಹುಟ್ಟಿದ ಮಗುವಿನ ಬಾಯಿ, ಕಣ್ಣು, ಗುದದ ಸ್ವಾಬ್ ಆದರೆ, ಹುಟ್ಟಿ ಒಂದು ದಿನ ಕಳೆದ ಮೇಲೆ ತೆಗೆದದ್ದಕ್ಕೇ ಬೆಲೆ ಜಾಸ್ತಿ. ಅದಕ್ಕೂ ಮುಂಚೆ ಸಿಕ್ಕಿದ್ದು ತಾಯಿಯಿಂದ ಅಂಟಿಕೊಂಡು ಬಂದದ್ದೂ ಇರಬಹುದು.

ಸುರಕ್ಷತೆಯ ಬಗ್ಗೆ ಎರಡೇ ಮಾತು. ಕೆಲಸ ಎರಡನೇ ದರ್ಜೆಯ ಜೈವಿಕ ಸುರಕ್ಷತೆಯಲ್ಲಿ, ಕ್ಯಾಬಿನೆಟ್ಟಿನ ಒಳಗೆ, ಗ್ಲೌಸ್ ಹಾಕಿಕೊಂಡು. ಬೆರಳಿನ ಸಣ್ಣ ಗಾಯದಿಂದ ಒಳಹೊಕ್ಕರೆ ಉಗುರಿನ ಪಕ್ಕ ನೋವಿನ ಗುಳ್ಳೆ ಏಳುತ್ತದೆ, ಆಮೇಲೆ ಅದು ಜೀವಮಾನದ ಜೊತೆಗಾರ. ಇನ್ನೊಂದು, ಫಾರಂನಲ್ಲಿ 'ಕೋತಿ ಕಚ್ಚಿದೆ' ಅಂತ ಎಲ್ಲಾದರೂ ಕಂಡರೆ ಆ ಮಾದರಿಯನ್ನು ಕಲ್ಚರ್‌ಗೆ ಹಾಕಲೇಬೇಡಿ. ಮಕಾಕ್ ಕೋತಿಗಳಲ್ಲಿ ಬಿ ವೈರಸ್ ಅಂತ ಇದರದೇ ದಾಯಾದಿ ಇದೆ. ಮನುಷ್ಯರಿಗೆ ಬಂದರೆ ಪ್ರಾಣಕ್ಕೇ ಕುತ್ತು. ಅದು ದೊಡ್ಡ ರೆಫರೆನ್ಸ್ ಲ್ಯಾಬಿನ ಕೆಲಸ, ನಮ್ಮದಲ್ಲ.

ಟ್ಸ್ಯಾಂಕ್ ಸ್ಮಿಯರ್

1947ರಲ್ಲಿ ಆರ್ನೋ ಟ್ಸ್ಯಾಂಕ್ ಚರ್ಮರೋಗಗಳಿಗೆ ತಂದ ವಿಧಾನ ಇದು. ಗುಳ್ಳೆಯ ತಳವನ್ನು ಬ್ಲೇಡಿನ ಮೊಂಡು ಬದಿಯಿಂದ ಕೆರೆದು, ಸ್ಲೈಡಿನ ಮೇಲೆ ತೆಳುವಾಗಿ ಸವರಿ, ಒಣಗಿಸಿ, ಗೀಮ್ಸಾ ಬಣ್ಣ ಹಾಕಿ. ಅರ್ಧ ಗಂಟೆಯೊಳಗೆ ಉತ್ತರ. ಒಂದೇ ಕೋಶದಲ್ಲಿ ಹಲವು ನ್ಯೂಕ್ಲಿಯಸ್, ಅವು ಒಂದಕ್ಕೊಂದು ಒತ್ತಿಕೊಂಡು ಜಾಗ ಮಾಡಿಕೊಂಡಿರುತ್ತವೆ. ಒಳಗಿನದೆಲ್ಲ ಅಂಚಿಗೆ ಸರಿದು ನಡುವೆ ಮಬ್ಬು ಗಾಜಿನ ಹಾಗೆ ಕಾಣುತ್ತದೆ.

ನೋಡಲು ಚೆಂದ, ನನಗಂತೂ ಇಷ್ಟ. ಆದರೆ ಸರ್ಪಸುತ್ತು, ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ತರುವ ವರಿಸೆಲ್ಲಾ ವೈರಸ್ಸಿನಲ್ಲೂ ಇದೇ ಚಿತ್ರ. ಮೊದಲ ಸಾಲನ್ನೇ ಇದರಿಂದ ಪೂರ್ತಿ ತುಂಬಲು ಆಗುವುದಿಲ್ಲ, ಇನ್ನು ಎರಡನೆಯದು ದೂರದ ಮಾತು.

ಹಸಿರು ಹೊಳಪು: ಫ್ಲೋರೊಸೆಂಟ್ ಆಂಟಿಬಾಡಿ

ಮೊದಲ ಬಾರಿಗೆ ಟೈಪ್ ಸಿಗುವುದು ಇಲ್ಲಿ. ಗುಳ್ಳೆಯ ಕೋಶಗಳನ್ನು ಸ್ಲೈಡಿನ ಬೇರೆ ಬೇರೆ ವೃತ್ತಗಳಲ್ಲಿ ಹಚ್ಚಿ. ತಣ್ಣನೆ ಅಸಿಟೋನ್‌ನಲ್ಲಿ 10 ನಿಮಿಷ. ಒಂದು ವೃತ್ತಕ್ಕೆ ಟೈಪ್ 1ರ ಮೊನೊಕ್ಲೋನಲ್ ಆಂಟಿಬಾಡಿ (ಆ ಟೈಪಿಗೆ ಮಾತ್ರ ಅಂಟುವ, ಹೊಳೆಯುವ ಬಣ್ಣ ಕಟ್ಟಿದ ಪ್ರೋಟೀನ್), ಇನ್ನೊಂದಕ್ಕೆ ಟೈಪ್ 2ರದ್ದು. ಜಾಗ ಇದ್ದರೆ ಮೂರನೆಯದಕ್ಕೆ ವರಿಸೆಲ್ಲಾದ್ದನ್ನೂ ಹಾಕಿ, ಪಶ್ಚಾತ್ತಾಪ ಪಡುವುದಿಲ್ಲ. ಒದ್ದೆ ಡಬ್ಬಿಯಲ್ಲಿ 37 ಡಿಗ್ರಿಗೆ ಅರ್ಧ ಗಂಟೆ ಇಟ್ಟು, ಬಫರಿನಲ್ಲಿ ತೊಳೆದು, ಕವರ್‌ಸ್ಲಿಪ್ ಮುಚ್ಚಿ ಫ್ಲೋರೊಸೆಂಟ್ ಮೈಕ್ರೋಸ್ಕೋಪಿನಲ್ಲಿ ನೋಡಿ. ಇವಾನ್ಸ್ ಬ್ಲೂ ಹಾಕಿದ್ದರೆ ಸುಮ್ಮನಿರುವ ಕೋಶ ಕೆಂಪಗೆ, ವೈರಸ್ ಇದ್ದದ್ದು ಹೊಳೆಯುವ ಹಸಿರು.

ಡಬ್ಬಿಯಲ್ಲಿ ನೀರಿನ ಹತ್ತಿ ಇಡಲು ಮರೆತರೆ ಆಂಟಿಬಾಡಿ ಸ್ಲೈಡಿನ ಮೇಲೇ ಒಣಗುತ್ತದೆ. ಆಗ ಅಂಚೆಲ್ಲ ಹಸಿರೋ ಹಸಿರು. ಕೀವಿನ ಕೋಶಗಳು, ಲೋಳೆ, ಯೀಸ್ಟ್ ಎಲ್ಲವೂ ಆಂಟಿಬಾಡಿಯನ್ನು ಹಿಡಿದಿಟ್ಟುಕೊಂಡು ಹೊಳೆಯುತ್ತವೆ. ಹಸಿರು ಕಂಡಿತು ಅಂತ ಕುಣಿಯುವ ಮೊದಲು ಯಾವ ಕೋಶ ಹೊಳೆಯುತ್ತಿದೆ ನೋಡಿ. ಚರ್ಮದ ದೊಡ್ಡ ಕೋಶದ ನ್ಯೂಕ್ಲಿಯಸ್, ಸೈಟೊಪ್ಲಾಸಂ ಒಳಗೆ ಹೊಳಪು ಇರಬೇಕು. ಎರಡೂ ವೃತ್ತ ಹಸಿರಾದರೆ ಎರಡು ವೈರಸ್ ಸಿಕ್ಕಿತು ಅಂತ ಬರೆಯಬೇಡಿ, ನೂರಕ್ಕೆ ತೊಂಬತ್ತು ಪಾಲು ನೀವು ಸರಿಯಾಗಿ ತೊಳೆದಿಲ್ಲ. ಸ್ಲೈಡಿನಲ್ಲಿ ಕೋಶಗಳೇ ಇಲ್ಲದಿದ್ದರೆ ಅದು ನೆಗೆಟಿವ್ ಅಲ್ಲ, 'ಮಾದರಿ ಸಾಲದು'. ಈ ವ್ಯತ್ಯಾಸವನ್ನು ರಿಪೋರ್ಟಿನಲ್ಲಿ ಬಾಯಿಬಿಟ್ಟು ಬರೆಯಿರಿ.

ಕಲ್ಚರ್: ಕೋಶಗಳು ಸಾಯುವುದನ್ನು ನೋಡುತ್ತ ಕೂರುವುದು

ಈಗ ಎಷ್ಟೋ ಲ್ಯಾಬುಗಳು ಕಲ್ಚರನ್ನು ಕೈಬಿಟ್ಟಿವೆ. ಆದರೂ ಜೀವಂತ ವೈರಸ್ ಬೇಕು ಅಂದರೆ, ಅಂದರೆ ವೈರಸ್ಸಿಗೇ ಔಷಧಿ ಹಾಕಿ ಜಗ್ಗುತ್ತದೋ ಇಲ್ಲವೋ ನೇರವಾಗಿ ನೋಡಬೇಕು ಅಂದರೆ, ಬೇರೆ ದಾರಿ ಇಲ್ಲ.

ಹರ್ಪಿಸ್‌ಗೆ ಊಟದ ಚಿಂತೆ ಇಲ್ಲ, ವೆರೊ, ಎಂಆರ್‌ಸಿ-5, ಎ549, ಮಿಂಕ್ ಲಂಗ್ ಹೀಗೆ ಬಹಳ ಕೋಶಗಳಲ್ಲಿ ಬೆಳೆಯುತ್ತದೆ. ಟ್ಯೂಬಿನ ಗೋಡೆಯ ಮೇಲೆ ಕೋಶಗಳು ಒತ್ತಾಗಿ ಹಾಸಿಕೊಂಡಿರಬೇಕು. ಹಳೇ ಮೀಡಿಯಂ ಚೆಲ್ಲಿ, ಮಾದರಿ ಸುಮಾರು 0.2 ಮಿಲಿ ಹಾಕಿ, 37 ಡಿಗ್ರಿಯಲ್ಲಿ ಒಂದು ಗಂಟೆ ಅಂಟಿಕೊಳ್ಳಲು ಬಿಡಿ. ಆಮೇಲೆ 2 ಪರ್ಸೆಂಟ್ ಸೀರಂ ಇರುವ ಮೀಡಿಯಂ ಹಾಕಿ. ಜೊತೆಗೆ ಮಾದರಿ ಹಾಕದ ಒಂದು ಟ್ಯೂಬನ್ನೂ ಇಡಿ. ಅದಿಲ್ಲದೆ ನೀವು ನೋಡಿದ್ದಕ್ಕೆ ಸಾಕ್ಷಿ ಇಲ್ಲ.

ಮಾರನೇ ದಿನದಿಂದ ಬೆಳಗ್ಗೆ ಬಂದ ಕೂಡಲೇ ಮೈಕ್ರೋಸ್ಕೋಪಿಗೆ ಹೋಗಿ. ಮೊದಲು ಒಂದು ಮೂಲೆಯಲ್ಲಿ ಐದಾರು ಕೋಶ ಚಪ್ಪಟೆತನ ಬಿಟ್ಟು ಗುಂಡಗಾಗಿ, ಬೆಳಕಿಗೆ ಗಾಜಿನ ಮಣಿಯ ಹಾಗೆ ಮಿನುಗುತ್ತವೆ. ಸಂಜೆಗೆ ಆ ಮಚ್ಚೆ ದೊಡ್ಡದಾಗಿರುತ್ತದೆ. ನಡುವಿನ ಕೋಶಗಳು ಉಬ್ಬಿ, ಕಿತ್ತುಬಂದು, ಅಲ್ಲೊಂದು ತೂತು. ಮೂರನೇ ದಿನಕ್ಕೆ ಹಾಸು ಪೂರ್ತಿ ಹರಿದುಹೋಗಿರುತ್ತದೆ. ಸಿಗುವ ಹೆಚ್ಚಿನ ವೈರಸ್ 24ರಿಂದ 72 ಗಂಟೆಯಲ್ಲೇ ಸಿಗುತ್ತದೆ, ಆದರೂ ಒಂದು ವಾರ ಕಾಯಿರಿ. ಈ ವೇಗವೇ ಒಂದು ಸುಳಿವು. ವರಿಸೆಲ್ಲಾ ನಾಲ್ಕೈದು ದಿನಕ್ಕೂ ಮೊದಲು ಬಾಯಿಬಿಡುವುದು ಅಪರೂಪ. ಇನ್ನು ಮಾದರಿ ಹಾಕಿದ ಮಾರನೇ ಬೆಳಗ್ಗೆಯೇ ಇಡೀ ಟ್ಯೂಬ್ ಒಂದೇ ಸಮ ಸತ್ತಿದ್ದರೆ ಅದು ವೈರಸ್ ಅಲ್ಲ, ಮಾದರಿಯಲ್ಲಿನ ವಿಷ. ತೆಳು ಮಾಡಿ ಮತ್ತೆ ಹಾಕಿ.

ನನ್ನ ಹಿರಿಯ ಟೆಕ್ನಿಷಿಯನ್ ಒಬ್ಬರಿದ್ದರು. ಕೋಶ ಹಾಳಾದ ರೀತಿ ನೋಡಿ, 'ಇದು ಎರಡು ಕಣಪ್ಪಾ' ಅನ್ನುತ್ತಿದ್ದರು. ಬಹಳ ಸಲ ಸರಿಯೂ ಆಗುತ್ತಿತ್ತು. ಆದರೂ ಅವರು ಬಾಯಲ್ಲಿ ಹೇಳಿದ್ದನ್ನು ಯಾವತ್ತೂ ಹಾಳೆಯ ಮೇಲೆ ಬರೆದವರಲ್ಲ. ಕೋಶಗಳನ್ನು ಕೆರೆದು, ಸ್ಲೈಡ್ ಮಾಡಿ, ಮೇಲೆ ಹೇಳಿದ ಟೈಪ್ ಆಂಟಿಬಾಡಿ ಹಾಕಿ ನೋಡಿದ ಮೇಲೆಯೇ ಪೆನ್ನು ತೆಗೆಯುತ್ತಿದ್ದರು.

ಕಾಯಲು ಪುರಸೊತ್ತಿಲ್ಲದವರಿಗೆ ಶೆಲ್ ವಯಲ್ ಇದೆ. ಸಣ್ಣ ಸೀಸೆಯ ತಳದಲ್ಲಿ ದುಂಡು ಕವರ್‌ಸ್ಲಿಪ್, ಅದರ ಮೇಲೆ ಕೋಶ. ಮಾದರಿ ಹಾಕಿ 700 ಜಿ ವೇಗದಲ್ಲಿ ಮುಕ್ಕಾಲರಿಂದ ಒಂದು ಗಂಟೆ ಸೆಂಟ್ರಿಫ್ಯೂಜ್ ತಿರುಗಿಸಿ. ಮಾರನೇ ದಿನ, ಕಣ್ಣಿಗೆ ಏನೂ ಕಾಣದಿದ್ದರೂ, ಆಂಟಿಬಾಡಿ ಹಾಕಿ. ಇನ್ನೊಂದು ಜಾಣತನದ ಉಪಾಯ ಎಲ್ವಿಸ್ ಅನ್ನುವ ಕೋಶಗಳು. ಮರಿ ಹ್ಯಾಮ್‌ಸ್ಟರಿನ ಮೂತ್ರಪಿಂಡದ ಕೋಶಕ್ಕೆ ಇ. ಕೋಲಿಯ ಲ್ಯಾಕ್-ಝಡ್ ಜೀನನ್ನು ಸೇರಿಸಿ, ಅದರ ಬೀಗಕ್ಕೆ ಹರ್ಪಿಸ್ ವೈರಸ್ಸನ್ನೇ ಕೀಲಿ ಮಾಡಿದ್ದಾರೆ. ವೈರಸ್ ಒಳಹೊಕ್ಕರೆ ಬೀಗ ತೆರೆದು, ಬಣ್ಣ ಹಾಕಿದಾಗ ಕೋಶ ನೀಲಿ ಆಗುತ್ತದೆ. ನೀಲಿ ಅಂದರೆ ಹರ್ಪಿಸ್ ಸಿಂಪ್ಲೆಕ್ಸ್. ಯಾವ ಟೈಪ್ ಅಂತ ಕೇಳಿದರೆ ಮತ್ತೆ ಆಂಟಿಬಾಡಿಯೇ ಬೇಕು.

ಮೊನೊಕ್ಲೋನಲ್ ಆಂಟಿಬಾಡಿ ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು ಅಂತ ಹೊಸಬರು ಕೇಳುತ್ತಾರೆ. 1962ರಲ್ಲಿ ಜರ್ಮನಿಯ ಷ್ನೆವೈಸ್, ಸೀರಂ ಬೆರೆಸಿ ವೈರಸ್ಸನ್ನು ತಡೆಯುವ ಪ್ರಯೋಗದಿಂದ ಇವು ಎರಡು ಬಗೆ ಅಂತ ತೋರಿಸಿದರು. 1968ರಲ್ಲಿ ಅಮೆರಿಕದ ನಹ್ಮಿಯಾಸ್ ಮತ್ತು ಡೌಡಲ್ ಎರಡರ ಗುಣಭೇದವನ್ನು ವಿವರವಾಗಿ ಬರೆದರು. ಕೋಳಿಮೊಟ್ಟೆಯ ಒಳಪೊರೆಯ ಮೇಲೆ ಬೆಳೆಸಿದರೆ ಟೈಪ್ 2 ದೊಡ್ಡ ಮಚ್ಚೆ ಮಾಡುತ್ತದೆ, ಟೈಪ್ 1 ಚಿಕ್ಕದು. ಬಿವಿಡಿಯು ಅನ್ನುವ ಔಷಧಿಗೆ ಟೈಪ್ 1 ಬಗ್ಗುತ್ತದೆ, ಟೈಪ್ 2 ಜಗ್ಗುವುದಿಲ್ಲ. ಮೊಟ್ಟೆ ಕೊರೆದು ಟೈಪ್ ನೋಡಿದವರ ತಾಳ್ಮೆಗೆ ನನ್ನ ನಮಸ್ಕಾರ.

ಪಿಸಿಆರ್: ಎರಡೂ ಸಾಲಿಗೆ ಉತ್ತರ ಕೊಡುವ ಮಷಿನ್, ಎಚ್ಚರ ತಪ್ಪಿದರೆ ಎರಡೂ ಸುಳ್ಳು

ಇವತ್ತು ಗುಳ್ಳೆಯ ಮಾದರಿಗೆ ನನ್ನ ಮೊದಲ ಆಯ್ಕೆ ಇದೇ. ಕಲ್ಚರ್ ಬಿಟ್ಟುಬಿಡುವ ಹಳೇ ಹುಣ್ಣು, ಸತ್ತ ವೈರಸ್, ಎಲ್ಲವೂ ಇದರಲ್ಲಿ ಸಿಗುತ್ತದೆ. ಅದೇ ಇದರ ಗುಣ, ಅದೇ ಇದರ ದೋಷ. ಇಷ್ಟು ಸೂಕ್ಷ್ಮ ಇರುವುದಕ್ಕೇ ಪಕ್ಕದ ಟ್ಯೂಬಿನ ಒಂದು ಹನಿಯೂ ಪಾಸಿಟಿವ್ ಆಗಿಬಿಡುತ್ತದೆ.

ಜಾಗ ಮೂರು ಇರಲಿ: ರಿಯೇಜೆಂಟ್ ಬೆರೆಸುವ ಕೋಣೆ, ಮಾದರಿಯಿಂದ ಡಿಎನ್‌ಎ ತೆಗೆಯುವ ಕೋಣೆ, ಮಷಿನ್ ಇರುವ ಕೋಣೆ. ನಡೆದಾಟ ಒಂದೇ ದಿಕ್ಕಿಗೆ. ಮಷಿನ್ ಕೋಣೆಯ ಕೋಟು, ಪಿಪೆಟ್, ಪೆನ್ನು ಕೂಡ ಮೊದಲ ಕೋಣೆಗೆ ಬರಬಾರದು. ಫಿಲ್ಟರ್ ಇರುವ ಟಿಪ್ಪನ್ನೇ ಬಳಸಿ. ಬೆಂಚನ್ನು ಬ್ಲೀಚಿನಿಂದ ಒರೆಸಿ, ಆಮೇಲೆ ನೀರಿನಿಂದ. ಬರೀ ಆಲ್ಕೋಹಾಲ್ ಸಾಲದು. ಅದು ವೈರಸ್ಸನ್ನು ಕೊಲ್ಲುತ್ತದೆ, ಆದರೆ ಡಿಎನ್‌ಎ ಹಾಗೇ ಉಳಿಯುತ್ತದೆ. ಪಿಸಿಆರ್‌ಗೆ ಬೇಕಾದ್ದು ಡಿಎನ್‌ಎ ಮಾತ್ರ ತಾನೇ?

ಹೆಚ್ಚಿನ ಕಿಟ್ಟುಗಳು ಗ್ಲೈಕೊಪ್ರೋಟೀನ್ ಬಿ, ಡಿ ಅಥವಾ ಜಿ ಜೀನನ್ನೋ, ಡಿಎನ್‌ಎ ಪಾಲಿಮರೇಸ್ ಜೀನನ್ನೋ ಹಿಡಿಯುತ್ತವೆ. ಟೈಪ್ ಬಿಡಿಸುವ ದಾರಿ ಮುಖ್ಯವಾಗಿ ಎರಡು. ಒಂದು, ಎರಡು ಟೈಪಿಗೆ ಎರಡು ಪ್ರೋಬ್ (ವೈರಸ್ಸಿನ ಡಿಎನ್‌ಎಗೆ ಅಂಟುವ, ಬಣ್ಣ ಕಟ್ಟಿದ ಸಣ್ಣ ಡಿಎನ್‌ಎ ತುಂಡು), ಬೇರೆ ಬೇರೆ ಬಣ್ಣ. ಯಾವ ಬಣ್ಣದ ಗೆರೆ ಏರಿತೋ ಆ ಟೈಪ್. ಇನ್ನೊಂದು ಕರಗುವ ಉಷ್ಣತೆ ನೋಡುವುದು. ನಾವು ವರ್ಷಗಟ್ಟಲೆ ಬಳಸಿದ ಕಿಟ್ಟಿನ ಪ್ರೋಬ್ ಟೈಪ್ 2ಕ್ಕೆ ಅಕ್ಷರಕ್ಕೆ ಅಕ್ಷರ ಹೊಂದುತ್ತಿತ್ತು. ಟೈಪ್ 1ರ ಜೊತೆ ಒಂದೆರಡು ಕಡೆ ಹೊಂದುತ್ತಿರಲಿಲ್ಲ. ನಿಧಾನವಾಗಿ ಬಿಸಿ ಮಾಡುತ್ತ ಹೋದರೆ ಸಡಿಲ ಹಿಡಿತದ್ದು ಬೇಗ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಪರದೆಯ ಮೇಲೆ ಟೈಪ್ 1ರ ಗುಡ್ಡ ಎಡಗಡೆ, ಕಡಿಮೆ ಉಷ್ಣತೆಯಲ್ಲಿ. ಟೈಪ್ 2ರ ಗುಡ್ಡ ಬಲಗಡೆ, ಹತ್ತಕ್ಕೂ ಹೆಚ್ಚು ಡಿಗ್ರಿ ಆಚೆ.

ಪ್ರತಿ ಓಟದಲ್ಲೂ ಇರಬೇಕಾದವರು: ಟೈಪ್ 1ರ ಕಂಟ್ರೋಲ್, ಟೈಪ್ 2ರ ಕಂಟ್ರೋಲ್, ಬರೀ ನೀರು, ಮತ್ತು ಡಿಎನ್‌ಎ ತೆಗೆಯುವ ಹಂತದಿಂದಲೇ ಜೊತೆಗಿರುವ ಒಂದು ನೆಗೆಟಿವ್. ಇದಲ್ಲದೆ ಪ್ರತಿ ಮಾದರಿಯ ಒಳಗೂ ಇಂಟರ್ನಲ್ ಕಂಟ್ರೋಲ್, ಅಂದರೆ ಪರೀಕ್ಷೆ ಸರಿಯಾಗಿ ನಡೆದಿದೆ ಅಂತ ತೋರಿಸುವ ಬೇರೊಂದು ಡಿಎನ್‌ಎ. ಅದು ಏರದಿದ್ದರೆ ಆ 'ನೆಗೆಟಿವ್'ಗೆ ಅರ್ಥ ಇಲ್ಲ, ಒಳಗೆ ಏನೋ ಪಿಸಿಆರನ್ನೇ ತಡೆದಿದೆ. ಮಾದರಿಯನ್ನು ತೆಳು ಮಾಡಿ ಮತ್ತೆ ಓಡಿಸಿ.

ಒಂದು ಸೋಮವಾರ ನಮ್ಮ ನೀರಿನ ಟ್ಯೂಬೇ 36ನೇ ಸೈಕಲ್‌ನಲ್ಲಿ (ಡಿಎನ್‌ಎ ನಕಲಾಗುವ 36ನೇ ಸುತ್ತಿನಲ್ಲಿ) ಏರಿತು. ಟೈಪ್ 1. ಮತ್ತೆ ಓಡಿಸಿದೆವು, ಮತ್ತೆ ಏರಿತು. ರಿಯೇಜೆಂಟ್ ಎಲ್ಲ ಎಸೆದು ಹೊಸದು ತೆರೆದರೂ ಅದೇ ಗೋಳು. ಎರಡು ದಿನ ಒಂದೂ ರಿಪೋರ್ಟ್ ಹೋಗಲಿಲ್ಲ. ಆಮೇಲೆ ತಿಳಿಯಿತು, ಶುಕ್ರವಾರ ಸಂಜೆ ಒಬ್ಬ ಹುಡುಗ ಮುಗಿದ ಪಿಸಿಆರ್ ಟ್ಯೂಬಿನ ಮುಚ್ಚಳ ತೆಗೆದು ಜೆಲ್ ಮೇಲೆ ಓಡಿಸಿ ನೋಡಿದ್ದ, ಸುಮ್ನೆ ಕುತೂಹಲಕ್ಕೆ. ಆ ಒಂದು ಟ್ಯೂಬಿನಲ್ಲಿ ಕೋಟಿಗಟ್ಟಲೆ ನಕಲು ಇರುತ್ತದೆ. ಆಮೇಲೆ ಅದೇ ಗ್ಲೌಸಿನಲ್ಲಿ ಮೊದಲ ಕೋಣೆಯ ಬಾಗಿಲ ಹಿಡಿ ಮುಟ್ಟಿದ್ದ. ಬೈದು ಏನು ಪ್ರಯೋಜನ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದರಲ್ಲಿ ನನ್ನದೂ ಪಾಲಿತ್ತು. ಬಾಗಿಲ ಹಿಡಿಯಿಂದ ಕುರ್ಚಿಯ ಕೈವರೆಗೆ ಬ್ಲೀಚ್ ಹಾಕಿ ಒರೆಸಿದೆವು. ಆಮೇಲೆ ಯುಎನ್‌ಜಿ ಕಿಣ್ವ ಇರುವ ಮಿಶ್ರಣಕ್ಕೆ ಬದಲಾಯಿಸಿಕೊಂಡೆವು. ಹಿಂದಿನ ಓಟದ ನಕಲುಗಳಲ್ಲಿ ಥೈಮಿನ್ ಬದಲು ಯುರಾಸಿಲ್ ಇರುವ ಹಾಗೆ ಮಾಡಿದ್ದರೆ, ಈ ಕಿಣ್ವ ಅವನ್ನು ಓಟ ಶುರುವಾಗುವ ಮೊದಲೇ ಕತ್ತರಿಸಿಹಾಕುತ್ತದೆ.

ಸೈಕಲ್ ಸಂಖ್ಯೆ ಓದುವಾಗ ಒಂದು ಲೆಕ್ಕ ತಲೆಯಲ್ಲಿರಲಿ. ಸುಮಾರು 3.3 ಸೈಕಲ್ ತಡ ಅಂದರೆ ವೈರಸ್ ಹತ್ತು ಪಟ್ಟು ಕಡಿಮೆ. ಹೊಸ ಗುಳ್ಳೆಯ ಮಾದರಿ ಇಪ್ಪತ್ತರ ಆಚೀಚೆಯೇ ಏರಿಬಿಡುತ್ತದೆ. ತುಂಬಾ ತಡವಾಗಿ ಏರಿದ್ದನ್ನು ಮೂಲ ಮಾದರಿಯಿಂದ ಮತ್ತೆ ಡಿಎನ್‌ಎ ತೆಗೆದು ನೋಡದೆ ಪಾಸಿಟಿವ್ ಅನ್ನಬೇಡಿ. ಪ್ಲೇಟಿನಲ್ಲಿ ಅದರ ಪಕ್ಕದಲ್ಲಿ ಯಾರಿದ್ದರು ಅಂತಲೂ ನೋಡಿ. 18ರಲ್ಲಿ ಏರಿದವನ ನೆರೆಮನೆಯವನು 37ರಲ್ಲಿ ಏರಿದರೆ ನನಗೆ ಅನುಮಾನ. ಎರಡೂ ಟೈಪ್ ಒಟ್ಟಿಗೆ ಬಂದರೂ ಹೀಗೆಯೇ. ಅಂಥ ಜೋಡಿ ಸೋಂಕು ಇಲ್ಲ ಅಂತಲ್ಲ, ಆದರೆ ಮೊದಲು ನಮ್ಮ ಕೈಯನ್ನು ಅನುಮಾನಿಸಬೇಕು.

ಒಮ್ಮೆ ಬಂದ ಒಂದು ಮಾದರಿ ಮಾತ್ರ ಯಾವ ಲೆಕ್ಕಕ್ಕೂ ಸಿಗಲಿಲ್ಲ. ಜನನಾಂಗದ ಹುಣ್ಣು, 22ನೇ ಸೈಕಲ್‌ನಲ್ಲಿ ಏರಿದೆ, ಅಂದರೆ ವೈರಸ್ ಧಾರಾಳ. ಆದರೆ ಕರಗುವ ಗುಡ್ಡ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ನಡುವೆ ನಿಂತಿದೆ. ಮೂರು ಸಲ ಮಾಡಿದರೂ ಅಲ್ಲೇ. ಪ್ರೋಬ್ ಕೂರುವ ಜಾಗದಲ್ಲಿ ವೈರಸ್ಸಿನ ಒಂದು ಅಕ್ಷರ ಬದಲಾಗಿದ್ದರೆ ಹೀಗಾಗುತ್ತದೆ. ಜೊತೆಯಲ್ಲಿದ್ದವರು, 'ಜನನಾಂಗದ್ದು ತಾನೇ, ಟೈಪ್ 2 ಅಂತ ಬರೆದುಬಿಡಿ' ಅಂದರು. ನಾನು 'ಹರ್ಪಿಸ್ ಸಿಂಪ್ಲೆಕ್ಸ್ ಪತ್ತೆಯಾಗಿದೆ' ಅಂತ ಬರೆದು, ಎರಡನೇ ಸಾಲಿನಲ್ಲಿ 'ಟೈಪ್ ನಿರ್ಧರಿಸಲಾಗಿಲ್ಲ, ಮುಂದಿನ ಪರೀಕ್ಷೆ ನಡೆಯುತ್ತಿದೆ' ಅಂತ ಹಾಕಿ ಕಳಿಸಿದೆ. ಉಳಿದ ಡಿಎನ್‌ಎಯನ್ನು ಸೀಕ್ವೆನ್ಸಿಂಗ್‌ಗೆ ಕೊಟ್ಟೆ.

ಇನ್ನೊಂದು ತೊಡಕೂ ಇದೆ. ಟೈಪ್ 2ರ ಕೆಲವು ತಳಿಗಳ ಜೀನೋಮಿನಲ್ಲಿ ಟೈಪ್ 1ರ ತುಂಡುಗಳು ಸೇರಿಕೊಂಡಿರುವುದು ಈಚಿನ ವರ್ಷಗಳಲ್ಲಿ ಗೊತ್ತಾಗಿದೆ. ಪಾಲಿಮರೇಸ್ ಜೀನಿನಲ್ಲೂ ಅಂಥ ತುಂಡು ಕಂಡಿದೆ. ನಿಮ್ಮ ಕಿಟ್ ನೋಡುವುದು ಅದೇ ತುಂಡನ್ನಾದರೆ, ಮೈಯೆಲ್ಲ ಟೈಪ್ 2 ಇರುವ ವೈರಸ್ ಟೈಪ್ 1 ಅಂತ ಹೇಳಿಸಿಕೊಳ್ಳುತ್ತದೆ. ಹಾಗಾಗಿ ನಿಮ್ಮ ಕಿಟ್ ಯಾವ ಜೀನನ್ನು ನೋಡುತ್ತದೆ ಅಂತ ಡಬ್ಬಿಯ ಒಳಗಿನ ಚೀಟಿ ಓದಿ ತಿಳಿದುಕೊಳ್ಳಿ. ಅನುಮಾನ ಬಂದರೆ ಬೇರೆ ಜೀನನ್ನು ನೋಡುವ ಇನ್ನೊಂದು ವಿಧಾನದಿಂದ ತಾಳೆ ಹಾಕಿ.

ರಕ್ತ ಪರೀಕ್ಷೆ: ಅತಿ ಹೆಚ್ಚು ಕೇಳುವವರು, ಅತಿ ಹೆಚ್ಚು ತಪ್ಪು ತಿಳಿಯುವವರು

ಹುಣ್ಣು ಇರುವಾಗ ಹುಣ್ಣನ್ನೇ ನೋಡಿ. ರಕ್ತದ ಆಂಟಿಬಾಡಿ (ಸೋಂಕಿನ ವಿರುದ್ಧ ದೇಹವೇ ಮಾಡಿಕೊಳ್ಳುವ ಪ್ರೋಟೀನ್) ಪರೀಕ್ಷೆ ಬೇಕಾಗುವುದು ಹುಣ್ಣು ಇಲ್ಲದಾಗ, ಅಥವಾ ಸ್ವಾಬ್ ನೆಗೆಟಿವ್ ಬಂದು ಅನುಮಾನ ಉಳಿದಾಗ.

ಎರಡು ವೈರಸ್ಸಿನ ಹೆಚ್ಚಿನ ಪ್ರೋಟೀನುಗಳು ಒಂದೇ ಥರ ಇರುವುದರಿಂದ, ಪೂರ್ತಿ ವೈರಸ್ಸನ್ನು ಅರೆದು ಮಾಡಿದ ಹಳೇ ಕಿಟ್ಟುಗಳು ಟೈಪ್ ಬಿಡಿಸಲಾರವು. ಡಬ್ಬಿಯ ಮೇಲೆ '1' ಮತ್ತು '2' ಅಂತ ಅಚ್ಚಾಗಿದ್ದ ಮಾತ್ರಕ್ಕೆ ನಂಬಬೇಡಿ. ಗ್ಲೈಕೊಪ್ರೋಟೀನ್ ಜಿ ಮಾತ್ರ ಎರಡರಲ್ಲೂ ಸಾಕಷ್ಟು ಬೇರೆ, ಟೈಪ್ 2ರಲ್ಲಿ ಅದು ಬಹಳ ಉದ್ದ. ಅದನ್ನು ಬಳಸಿ ಐಜಿಜಿ (ಬಹುಕಾಲ ಉಳಿಯುವ ಆಂಟಿಬಾಡಿ) ನೋಡುವ ಕಿಟ್ ಆದರೆ ಮಾತ್ರ ಟೈಪಿನ ಮಾತು. ಐಜಿಎಂ (ಸೋಂಕಿನ ಆರಂಭದಲ್ಲಿ ಬರುವ ಆಂಟಿಬಾಡಿ) ಪರೀಕ್ಷೆ ಮಾಡಿಕೊಡಿ ಅಂತ ಈಗಲೂ ಚೀಟಿ ಬರುತ್ತವೆ. ಅದು ಟೈಪ್ ಹೇಳುವುದಿಲ್ಲ. ಹಳೇ ಸೋಂಕು ಮರುಕಳಿಸಿದಾಗಲೂ ಬರುವುದರಿಂದ 'ಹೊಸ ಸೋಂಕು' ಅಂತಲೂ ಹೇಳಲಾಗದು. ನಾನಂತೂ ಬೇಡ ಅಂತಲೇ ಹೇಳುತ್ತೇನೆ.

ಆಂಟಿಬಾಡಿ ಬರಲು ವಾರಗಳು ಬೇಕು, ಕೆಲವರಿಗೆ 12 ವಾರದವರೆಗೂ. ಮೊನ್ನೆ ಅಂಟಿದ್ದು ಇವತ್ತಿನ ರಕ್ತದಲ್ಲಿ ಕಾಣುವುದಿಲ್ಲ. ಇನ್ನು ಟೈಪ್ 1ರ ಐಜಿಜಿ ಪಾಸಿಟಿವ್ ಅಂದರೆ ಎಲ್ಲಿ ಅಂಟಿದೆ ಅಂತ ಅದು ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2016ರ ಅಂದಾಜಿನ ಪ್ರಕಾರ ಜಗತ್ತಿನ 50 ವರ್ಷದೊಳಗಿನ ಸುಮಾರು 370 ಕೋಟಿ ಜನರಲ್ಲಿ ಟೈಪ್ 1 ಇತ್ತು. ಮೂರರಲ್ಲಿ ಇಬ್ಬರು. ಅಂಥ ಪಾಸಿಟಿವ್ ನೋಡಿ ಯಾರ ಮೇಲಾದರೂ ಬೆರಳು ತೋರಿಸುವುದು ಅನ್ಯಾಯ ಅಲ್ವಾ?

ಅಂಕಿಯನ್ನು ಹೇಗೆ ಓದಬೇಕು ಅನ್ನುವುದು ಇಲ್ಲಿ ಎಲ್ಲಕ್ಕಿಂತ ಮುಖ್ಯ. ಬಹಳ ಬಳಕೆಯ ಕಿಟ್ಟುಗಳಲ್ಲಿ ಇಂಡೆಕ್ಸ್, ಅಂದರೆ ಆಂಟಿಬಾಡಿಯ ಅಳತೆಯ ಅಂಕಿ, 1.1 ದಾಟಿದರೆ ಪಾಸಿಟಿವ್. ಆದರೆ ಟೈಪ್ 2ಕ್ಕೆ 1.1ರಿಂದ 3ರವರೆಗಿನ ಪಾಸಿಟಿವ್‌ಗಳಲ್ಲಿ ಸುಳ್ಳು ಬಹಳ. ಹಿಂದೆ ನಾನಿದ್ದ ಕಡೆ ಒಬ್ಬರಿಗೆ 1.4 ಬಂತು. ನಾವು ಅಂಕಿ ಹಾಕದೆ ಬರೀ 'ಪಾಸಿಟಿವ್' ಅಂತ ಕಳಿಸಿದೆವು. ಅವರ ಮನೆಯಲ್ಲಿ ಏನೇನು ನಡೆಯಿತೋ, ಒಂದು ತಿಂಗಳ ನಂತರ ಬೇರೆ ಕಡೆ ವೆಸ್ಟರ್ನ್ ಬ್ಲಾಟ್ ಅನ್ನುವ ಖಚಿತಪಡಿಸುವ ಪರೀಕ್ಷೆ ಮಾಡಿಸಿ ನೆಗೆಟಿವ್ ಚೀಟಿ ಹಿಡಿದು ಬಂದರು. ಕೌಂಟರಿನ ಮೇಲೆ ಎರಡೂ ಚೀಟಿ ಪಕ್ಕಪಕ್ಕ ಇಟ್ಟು, ಏನೂ ಮಾತಾಡದೆ ನಿಂತರು. ಈಗ ನನ್ನ ಕೈಯಿಂದ ಹೋಗುವ ಪ್ರತಿ ರಿಪೋರ್ಟಿನಲ್ಲೂ ಅಂಕಿ ಇರುತ್ತದೆ. 3ಕ್ಕಿಂತ ಕಡಿಮೆ ಇದ್ದರೆ 'ಇನ್ನೊಂದು ವಿಧಾನದಿಂದ ಖಚಿತಪಡಿಸಿಕೊಳ್ಳಬೇಕು' ಅನ್ನುವ ಸಾಲೂ ಇರುತ್ತದೆ.

ಇನ್ನೂ ಮುಂದಕ್ಕೆ ಹೋಗಬೇಕಾದಾಗ

ಔಷಧಿ ಸರಿಯಾಗಿ ತೆಗೆದುಕೊಂಡರೂ ಹುಣ್ಣು ಮಾಯುತ್ತಿಲ್ಲ, ರೋಗಿಯ ರೋಗನಿರೋಧಕ ಶಕ್ತಿ ಕುಸಿದಿದೆ ಅಂದರೆ ಪ್ರತಿರೋಧ ಪರೀಕ್ಷೆ. ಹೆಚ್ಚಿನ ಪ್ರತಿರೋಧ ಬರುವುದು ವೈರಸ್ಸಿನ ಥೈಮಿಡಿನ್ ಕೈನೇಸ್ ಜೀನ್ ಕೆಟ್ಟು, ಉಳಿದದ್ದು ಪಾಲಿಮರೇಸ್ ಜೀನ್ ಬದಲಾಗಿ. ಜೀನನ್ನು ಓದಿ ನೋಡಬಹುದು. ಇಲ್ಲವೇ ಕಲ್ಚರಿನಲ್ಲಿ ಔಷಧಿ ಹಾಕಿ, ವೈರಸ್ ಮಾಡುವ ತೂತುಗಳನ್ನು ಎಣಿಸಬಹುದು. ತೂತುಗಳನ್ನು ಅರ್ಧಕ್ಕೆ ಇಳಿಸಲು ಒಂದು ಮಿಲಿಗೆ 2 ಮೈಕ್ರೋಗ್ರಾಂ ಅಥವಾ ಹೆಚ್ಚು ಅಸೈಕ್ಲೋವಿರ್ ಬೇಕಾದರೆ ಅದು ಜಗ್ಗದ ವೈರಸ್ ಅನ್ನುವುದು ರೂಢಿಯ ಗೆರೆ.

ಒಂದೇ ವಾರ್ಡಿನ ಇಬ್ಬರಲ್ಲಿ ಒಂದೇ ತಳಿ ಇದೆಯೇ ಅಂತ ಕೇಳಿದರೆ ಟೈಪ್ ಸಾಲದು, ತಳಿಯ ಗುರುತು ಬೇಕು. 1970ರ ದಶಕದಲ್ಲಿ ವೈರಸ್ಸಿನ ಡಿಎನ್‌ಎಯನ್ನು ರೆಸ್ಟ್ರಿಕ್ಷನ್ ಕಿಣ್ವದಿಂದ ಕತ್ತರಿಸಿ, ಜೆಲ್ ಮೇಲಿನ ಪಟ್ಟಿಗಳನ್ನು ಬೆರಳಚ್ಚಿನ ಹಾಗೆ ಹೋಲಿಸಿದರು. ಈಗ ಪೂರ್ತಿ ಜೀನೋಮನ್ನೇ ಓದುತ್ತಾರೆ.

ಆ ನಡುವಿನ ಗುಡ್ಡದ ಮಾದರಿಗೆ ಆರನೇ ದಿನ ಸೀಕ್ವೆನ್ಸಿಂಗ್ ಫಲಿತಾಂಶ ಬಂತು. ಪ್ರೋಬ್ ಕೂರುವ ಜಾಗದಲ್ಲಿ ಒಂದು ಅಕ್ಷರ ಬೇರೆ, ಉಳಿದದ್ದೆಲ್ಲ ಟೈಪ್ 1. ಡಾಕ್ಟರಿಗೆ ಫೋನ್ ಮಾಡಿದೆ. 'ಒಂದಾ? ಸರಿಯಾಗಿ ನೋಡಿದ್ದೀರಾ?' ಅಂದರು. ಬೇರೆ ಜೀನಿನಲ್ಲೂ ನೋಡಿದ್ದೇವೆ, ಅದೂ ಒಂದೇ ಅಂದೆ. ಆಚೆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, 'ಆಯ್ತು, ಅವರು ಹೊರಗೇ ಕೂತಿದ್ದಾರೆ, ಈಗಲೇ ಹೇಳುತ್ತೇನೆ' ಅಂತ ಫೋನ್ ಇಟ್ಟರು. ನಾನು ಹಾಳೆ ತೆಗೆದು ಎರಡನೇ ಸಾಲು ತುಂಬಿದೆ.